ದೇವರ ಜೊತೆ ಲೆಡ್ಜರ್ ಬೇಡ

(1/8)

ಹಾಲ್ ಟಿಕೆಟ್ ಬಂದ ದಿನ ಮಾತ್ರ ದೇವರ ನೆನಪಾಗೋರು ಈ ಸರಣಿ ಪೂರ್ತಿ ಓದಿ. ಬೈಬಲ್ ಆ್ಯಪ್‌ನಲ್ಲಿ 200 ದಿನದ ಸ್ಟ್ರೀಕ್ ಅಂತ ಸ್ಟೋರಿ ಹಾಕೋರು ಎರಡು ಸಲ ಓದಿ. ಕ್ರೈಸ್ತರಲ್ಲದ ಕ್ಲಾಸ್‌ಮೇಟ್ಸ್ ಕೂಡ ಓದಬಹುದು, ಯಾಕಂದ್ರೆ ನಾನು ಬೈತಿರೋ ಕಾಯಿಲೆ ನಮ್ಮ ಚರ್ಚಿಗೆ ಮಾತ್ರ ಬಂದಿರೋದು ಅಂತ ನನಗನಿಸಲ್ಲ.

ವಿಷಯ ಇಷ್ಟೇ. ದೇವರನ್ನು ಪ್ರೀತಿಸ್ತೀವಿ ಅಂತ ನಾವು ಹಾಡ್ತೀವಿ, ಕೈ ಎತ್ತುತ್ತೀವಿ, ಕಣ್ಣೀರೂ ಹಾಕ್ತೀವಿ. ಆದ್ರೆ ನಮ್ಮಲ್ಲಿ ಬಹಳ ಜನ ಆತನ ಜೊತೆ ನಡೆಸ್ತಿರೋದು ವ್ಯಾಪಾರ. ಇಷ್ಟು ಉಪವಾಸಕ್ಕೆ ಇಷ್ಟು ಮಾರ್ಕ್ಸು. ಇಷ್ಟು ಕಾಣಿಕೆಗೆ ಒಂದು ಕೆಲಸ. ಭಾನುವಾರ ತಪ್ಪದೇ ಹೋದ್ರೆ ಮನೆಯಲ್ಲಿ ಯಾರಿಗೂ ಏನೂ ಆಗಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಅಂದುಕೊಂಡದ್ದು ಆಗದೇ ಇದ್ದಾಗ ಬರೋ ಸಿಟ್ಟು ನೋಡಿ, ಗ್ಯಾರಂಟಿ ಕಾರ್ಡ್ ಹಿಡ್ಕೊಂಡು ಅಂಗಡಿಗೆ ಹೋದ ಗಿರಾಕಿಯ ಸಿಟ್ಟು ಅದು.

ಕಾರ್ಡ್ ಅಂದ ತಕ್ಷಣ ಡಿಸೆಂಬರ್ 31ರ ರಾತ್ರಿ ನೆನಪಾಗುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಎಷ್ಟೋ ಸಭೆಗಳಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಒಂದು ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳನ್ನಿಟ್ಟು ಹಿಡೀತಾರೆ. ಒಬ್ಬೊಬ್ಬರೂ ಒಂದೊಂದು ತೆಗೀಬೇಕು. ಅದರಲ್ಲಿರೋ ವಾಕ್ಯ ಆ ವರ್ಷಕ್ಕೆ ನಿಮಗೆ ಸಿಕ್ಕ ವಾಗ್ದಾನ. ಒಳ್ಳೇ ಪದ್ಧತಿನೇ, ಅಜ್ಜಿ ಅದನ್ನು ಇಡೀ ವರ್ಷ ಬೈಬಲ್ ಒಳಗಿಟ್ಟು ಕಾಪಾಡ್ತಾರೆ. ಆದ್ರೆ ಬಾಗಿಲ ಹತ್ರ ನಿಂತು ನೋಡಿ. 'ನಂದು ಚೆನ್ನಾಗಿಲ್ಲ, ಇನ್ನೊಂದು ತಗೋತೀನಿ' ಅನ್ನೋರು ಎಷ್ಟು ಜನ! ಲಾಟರಿ ಟಿಕೆಟ್ ಬದಲಾಯಿಸಿದ ಹಾಗೆ.

ಎಲ್ಲರಿಗೂ ಬೇಕಾದ ಕಾರ್ಡ್ ಯೆರೆಮೀಯ 29:11. ದೇವರ ಆಲೋಚನೆಗಳು ನಮ್ಮ ಒಳ್ಳೇದಕ್ಕೇ ಇವೆ, ನಮಗೊಂದು ಒಳ್ಳೇ ಭವಿಷ್ಯ ಇದೆ ಅನ್ನೋ ಮಾತು ಅದು. ಕಾರ್ ಗ್ಲಾಸ್ ಮೇಲೂ ಇರುತ್ತೆ, ವಾಟ್ಸಾಪ್ ಡಿಪಿಯಲ್ಲೂ ಇರುತ್ತೆ. ಅದರ ಹಿಂದಿನ ವಚನವನ್ನು ಎಷ್ಟು ಜನ ಓದಿದ್ದೀರಿ? ಅದು ಬಾಬಿಲೋನಿಗೆ ಸೆರೆ ಹೋಗಿದ್ದ ಜನರಿಗೆ ಪ್ರವಾದಿ ಬರೆದ ಕಾಗದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮದುವೆ ಮಾಡ್ಕೊಳ್ಳಿ, ಬಿಡುಗಡೆಗೆ 70 ವರ್ಷ ಇದೆ ಅಂತ ಅದರಲ್ಲಿದೆ. ಎಪ್ಪತ್ತು! ಆ ಕಾಗದ ಕೇಳಿಸ್ಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ವಾಪಸ್ ಬರಲೇ ಇಲ್ಲ, ಅಲ್ಲೇ ಸತ್ತರು. ಅವರಿಗೆ ಆ ವಾಕ್ಯದ ಅರ್ಥ ಏನಾಗಿತ್ತು ಅಂತ ಒಂದು ನಿಮಿಷ ಯೋಚನೆ ಮಾಡಿ. ಸೆಮಿಸ್ಟರ್ ರಿಸಲ್ಟ್ ಅಂತೂ ಆಗಿರಲಿಲ್ಲ.

ಕನ್ನಡದಲ್ಲಿ ಇಡೀ ಬೈಬಲ್ ಬಂದು 190 ವರ್ಷ ದಾಟಿದೆ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತೆ ಅವರ ಜೊತೆಯವರು ವರ್ಷಗಟ್ಟಲೆ ಒದ್ದಾಡಿ 1831ರಲ್ಲಿ ಮುಗಿಸಿದ ಕೆಲಸ. ನಾವು ಅದರಿಂದ ಕತ್ತರಿಸಿ ಇಟ್ಕೊಂಡಿರೋದು ಮೂವತ್ತು ನಲವತ್ತು ಕಾರ್ಡು.

(2/8)

ನಾನು ಬಿಕಾಂ. ಆದ್ದರಿಂದ ನನ್ನ ಭಾಷೆಯಲ್ಲೇ ಹೇಳ್ತೀನಿ.

ಮೊದಲನೇ ಸೆಮಿಸ್ಟರ್‌ನಲ್ಲೇ ಕಲಿಸಿದ್ರಲ್ಲ, ಪರ್ಸನಲ್ ಅಕೌಂಟ್ ನಿಯಮ: ಪಡೆದವನನ್ನು ಡೆಬಿಟ್ ಮಾಡು, ಕೊಟ್ಟವನನ್ನು ಕ್ರೆಡಿಟ್ ಮಾಡು. ಡಬಲ್ ಎಂಟ್ರಿಯ ಸೊಗಸೇ ಅದು, ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಸಮ ಇರಲೇಬೇಕು. ತಮಾಷೆ ಏನು ಗೊತ್ತಾ? ಈ ಪದ್ಧತಿಯನ್ನು ವಿವರಿಸಿ ಮೊದಲು ಅಚ್ಚು ಹಾಕಿಸಿದ ಲೂಕಾ ಪಾಚೋಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ. 1494, ವೆನಿಸ್. ಲೆಕ್ಕದ ಪುಸ್ತಕವನ್ನು ದೇವರ ಹೆಸರಿಂದ ಶುರು ಮಾಡಿ ಅಂತ ವ್ಯಾಪಾರಿಗಳಿಗೆ ಬುದ್ಧಿ ಹೇಳಿದ್ದ ಮನುಷ್ಯ. ನಮ್ಮ ಕಿರಾಣಿ ಅಂಗಡಿಯವರು ಪುಟದ ಮೇಲೆ 'ಶ್ರೀ' ಅಂತ ಬರೆದು ಶುರು ಮಾಡ್ತಾರಲ್ಲ, ಅದೇ ಥರ. ದೇವರ ಹೆಸರು ಪುಟದ ತಲೆ ಮೇಲಿತ್ತು. ನಾವು ಆತನನ್ನು ಕೆಳಗಿಳಿಸಿ ಸಾಲಗಾರರ ಕಾಲಮ್ಮಿಗೆ ಹಾಕಿದ್ದೀವಿ.

ಲೂಕ 15 ಎಲ್ಲರಿಗೂ ಗೊತ್ತು. ಕಿರಿ ಮಗ ಆಸ್ತಿ ಪಾಲು ಇಸ್ಕೊಂಡು ದೂರದೇಶಕ್ಕೆ ಹೋಗಿ ಹಾಳು ಮಾಡ್ಕೊಂಡು ಬರ್ತಾನೆ, ಅಪ್ಪ ಓಡಿ ಹೋಗಿ ತಬ್ಬಿಕೊಳ್ತಾನೆ. ಯೂತ್ ಮೀಟಿಂಗ್‌ನಲ್ಲಿ ಈ ಕಥೆ ಹೇಳುವಾಗ ನಮ್ಮನ್ನೆಲ್ಲ ಕಿರಿ ಮಗನ ಜಾಗದಲ್ಲೇ ನಿಲ್ಲಿಸ್ತಾರೆ. ಸಿಗರೇಟು, ಸಿನಿಮಾ, ಲವ್ವು, ಹಂದಿ ಗೂಡು, ಕಣ್ಣೀರು. ಚೆನ್ನಾಗಿರುತ್ತೆ. ಆದ್ರೆ ಸಂಡೇ ಸ್ಕೂಲ್‌ನಲ್ಲೇ ಬೆಳೆದ ನಮ್ಮಂಥವರ ಜಾಗ ಆ ಕಥೆಯಲ್ಲಿ ಬೇರೆ ಇದೆ. ಹೊಲದಿಂದ ಬಂದು, ಮನೆಯೊಳಗಿನ ಹಾಡು ಕುಣಿತ ಕೇಳಿ, ಬಾಗಿಲ ಹೊರಗೇ ನಿಂತನಲ್ಲ ಹಿರಿಯಣ್ಣ, ಅವನು ನಾವು.

ಅವನ ಮಾತು ಗಮನಿಸಿ. ಇಷ್ಟು ವರ್ಷ ಗುಲಾಮನ ಥರ ದುಡಿದೆ, ಒಂದು ಅಪ್ಪಣೆ ಮೀರಲಿಲ್ಲ, ನನ್ನ ಗೆಳೆಯರ ಜೊತೆ ಊಟ ಮಾಡೋಕೆ ಒಂದು ಆಡಿನ ಮರೀನೂ ಕೊಡಲಿಲ್ಲ ಅಂತಾನೆ. ಪಕ್ಕಾ ಬ್ಯಾಲೆನ್ಸ್ ಶೀಟ್. ತನ್ನ ಕಡೆ ದುಡಿಮೆ, ಅಪ್ಪನ ಕಡೆ ಬಾಕಿ. ಅಪ್ಪನ ಮನೆಯಲ್ಲೇ ಇದ್ದು, ಅಪ್ಪನ ಜೊತೆ ದಿನಾ ಊಟ ಮಾಡಿ, ಅವನು ತನ್ನನ್ನು ಗುಲಾಮ ಅಂದುಕೊಂಡಿದ್ದ! ಅಪ್ಪ ಹೊರಗೆ ಬಂದು ಬೇಡ್ಕೊಳ್ತಾನೆ, ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲ ನಿನ್ನದೇ ಅಂತ. ಅವನು ಒಳಗೆ ಹೋದನಾ ಇಲ್ವಾ? ಯೇಸು ಹೇಳಲಿಲ್ಲ. ಕಥೆ ಅಲ್ಲೇ ನಿಂತಿದೆ. ಅದನ್ನು ಕೇಳ್ತಾ ನಿಂತಿದ್ದವರಲ್ಲಿ ದೇವಭಕ್ತರೂ ಇದ್ರು, ಪಾಪಿಗಳ ಜೊತೆ ಊಟ ಮಾಡ್ತಾನೆ ಅಂತ ಗೊಣಗ್ತಿದ್ದ ಫರಿಸಾಯರು. ಬಹುಶಃ ಅದಕ್ಕೇ.

(3/8)

ಈ ಭಾಗ ಸ್ವಲ್ಪ ಕಹಿ. ಮೊದಲೇ ಹೇಳಿದ್ದೀನಿ.

ನನಗೊಬ್ಬಳು ಫ್ರೆಂಡ್ ಇದ್ದಾಳೆ. ಅವಳನ್ನು ಕೇಳಿಯೇ ಬರೀತಿದ್ದೀನಿ, ಹೆಸರು ಊರು ಬೇಡ. ಎರಡನೇ ಪಿಯುಸಿಯಲ್ಲಿ ಇದ್ದಾಗ ಅವಳ ಅಪ್ಪ ಆಸ್ಪತ್ರೆ ಸೇರಿದ್ರು. 21 ದಿನ ಆ ಮನೆಯವರು ಉಪವಾಸ ಪ್ರಾರ್ಥನೆ ಮಾಡಿದ್ರು. ಅವಳು ಮಧ್ಯಾಹ್ನ ಊಟ ಬಿಟ್ಟು ಕ್ಲಾಸಿಗೆ ಬರ್ತಿದ್ಳು. ಅಪ್ಪ ಉಳೀಲಿಲ್ಲ. ಸಾವಿನ ಮನೆಯಲ್ಲಿ, ಪೆಟ್ಟಿಗೆ ಇನ್ನೂ ಹಾಲ್‌ನಲ್ಲಿ ಇರುವಾಗಲೇ, ದೊಡ್ಡ ಮನುಷ್ಯರೊಬ್ಬರು ಅವಳ ಅಮ್ಮನಿಗೆ ಹೇಳಿದ್ರು: ಎಲ್ಲೋ ಒಂದು ಕಡೆ ವಿಶ್ವಾಸ ಕಮ್ಮಿಯಾಗಿರಬೇಕು ಅಮ್ಮಾ, ಪರೀಕ್ಷೆ ಮಾಡ್ಕೊಳ್ಳಿ.

ಅವಳು ಆಮೇಲೆ ಚರ್ಚಿಗೆ ಬಂದಿಲ್ಲ. ಅವಳನ್ನು 'ಬಿದ್ದುಹೋದವಳು' ಅಂತ ಪ್ರಾರ್ಥನಾ ಪಟ್ಟಿಯಲ್ಲಿ ಸೇರಿಸಿದ್ದಾರೆ. ಆ ಮಾತು ಹೇಳಿದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಲೆಡ್ಜರ್ ಬೇಡ ಅಂತ ನಾನು ಇಷ್ಟು ಜೋರಾಗಿ ಹೇಳೋದು ಇದಕ್ಕೇ. ಇದು ಥಿಯರಿ ಅಲ್ಲ ಗುರು. ದೇವರ ಜೊತೆಗಿನ ಸಂಬಂಧ ಕೊಟ್ಟು ತಗೊಳ್ಳೋ ವ್ಯವಹಾರ ಅಂತ ಒಮ್ಮೆ ಒಪ್ಪಿಕೊಂಡ್ರೆ, ಸಿಗದೇ ಇದ್ದಾಗ ಯಾರೋ ಒಬ್ಬರು ತಪ್ಪು ಮಾಡಿರಲೇಬೇಕು. ದೇವರು ತಪ್ಪು ಮಾಡಲ್ಲ ಅಂದ ಮೇಲೆ ಉಳಿಯೋದು ಸತ್ತವನ ಹೆಂಡತಿ.

ಬೈಬಲ್‌ನಲ್ಲಿ ಇದರ ಬಗ್ಗೆ ಒಂದು ಇಡೀ ಪುಸ್ತಕ ಇದೆ. ಯೋಬ, 42 ಅಧ್ಯಾಯ. ಮೊದಲನೇ ಅಧ್ಯಾಯದಲ್ಲೇ ಸೈತಾನ ದೇವರಿಗೆ ಒಂದು ಪ್ರಶ್ನೆ ಕೇಳ್ತಾನೆ. ಯೋಬ ನಿನ್ನಲ್ಲಿ ಭಯಭಕ್ತಿ ಇಟ್ಟಿರೋದು ಪುಕ್ಕಟೆಗಾ? ಅವನ ಮನೆ, ದನಕರು, ಮಕ್ಕಳಿಗೆಲ್ಲ ಬೇಲಿ ಹಾಕಿ ಕಾಪಾಡ್ತಿದ್ದೀಯ, ಅದನ್ನು ತೆಗೆದು ನೋಡು, ಅವನೇ ನಿನ್ನನ್ನು ಬೈತಾನೆ. ಅಂದ್ರೆ ಸೈತಾನನ ವಾದ ಇದು: ದೇವರನ್ನು ಯಾರೂ ಸುಮ್ಮನೆ ಪ್ರೀತಿಸಲ್ಲ, ಎಲ್ಲ ವ್ಯಾಪಾರ. ಈಗ ಹೇಳಿ, 'ಇಷ್ಟು ಬೀಜ ಬಿತ್ತಿ, ನೂರರಷ್ಟು ಬರುತ್ತೆ' ಅಂತ ಕ್ಯೂಆರ್ ಕೋಡ್ ತೋರಿಸೋ ಪ್ರಸಂಗಿಗಳು ಆ ವಾದದಲ್ಲಿ ಯಾರ ಪಕ್ಷ?

ಯೋಬನ ಗೆಳೆಯರು ಮೊದಲ ಏಳು ದಿನ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಪಕ್ಕ ಕೂತಿದ್ರು. ಅಷ್ಟು ಹೊತ್ತು ಅವರು ಒಳ್ಳೇ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ನೀನು ಎಲ್ಲೋ ಪಾಪ ಮಾಡಿದ್ದೀಯ, ಇಲ್ಲದಿದ್ರೆ ಹೀಗಾಗಲ್ಲ ಅಂತ ಪುಟಗಟ್ಟಲೆ ದೇವರ ಪರ ವಾದ ಮಾಡ್ತಾರೆ. ಯೋಬ ಮಾತ್ರ ದೇವರಿಗೇ ಎದುರುತ್ತರ ಕೊಡ್ತಾನೆ, ಕೂಗ್ತಾನೆ, ಕೋರ್ಟಿಗೆ ಕರೀತಾನೆ. ಕೊನೆ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ತನ್ನ ಪರ ವಾದ ಮಾಡಿದ ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಅಂತ ತೀರ್ಪು.

ಆ ದೊಡ್ಡ ಮನುಷ್ಯರು ಯೋಬನ ಪುಸ್ತಕವನ್ನು ಕೊನೇವರೆಗೆ ಓದಿರಲಿ ಅಂತ ನನ್ನ ಆಸೆ.

(4/8)

ಕಾಮೆಂಟ್‌ಗಳಿಗೆ ಬರೋಣ. ತುಂಬಾ ಜನ ಕೇಳಿದ ಪ್ರಶ್ನೆ: 'ಹಾಗಾದ್ರೆ ದೇವರ ಹತ್ರ ಏನೂ ಕೇಳಲೇಬಾರದಾ?'

ಕೇಳಿ. ಯಾರು ಬೇಡ ಅಂದ್ರು? ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೇ ಅನ್ನ ಕೇಳೋ ಸಾಲಿದೆ. ಮಗು ಅಮ್ಮನ ಹತ್ರ ದಿನಕ್ಕೆ ನಲವತ್ತು ಸಲ ಏನಾದ್ರೂ ಕೇಳುತ್ತೆ, ಅದನ್ನು ಯಾರೂ ವ್ಯಾಪಾರ ಅನ್ನಲ್ಲ. ಅಮ್ಮ ಚಾಕಲೇಟ್ ಕೊಡದೇ ಇದ್ರೆ ಅತ್ತು, ಮುನಿಸಿಕೊಂಡು, ಆಮೇಲೆ ಅವಳ ಸೆರಗಲ್ಲೇ ಮೂಗು ಒರೆಸಿಕೊಳ್ಳುತ್ತೆ. ಗಿರಾಕಿ ಹಾಗೆ ಮಾಡಲ್ಲ, ಪಕ್ಕದ ಅಂಗಡಿಗೆ ಹೋಗ್ತಾನೆ. ಕೇಳೋದ್ರಲ್ಲಿ ತಪ್ಪಿಲ್ಲ. ಕೇಳಿದ್ದು ಸಿಗದೇ ಇದ್ದಾಗ ನೀವು ಎಲ್ಲಿರ್ತೀರಿ, ಅದನ್ನು ನೋಡ್ಕೊಳ್ಳಿ.

12ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಕ್ಲೇರ್‌ವೋದ ಬರ್ನಾರ್ಡ್ ಅಂತ ಒಬ್ಬ ಮಠಾಧಿಪತಿ ಇದ್ದ. ದೇವರನ್ನು ಪ್ರೀತಿಸುವ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದಿದ್ದಾನೆ. ಅದರಲ್ಲಿ ನಾಲ್ಕು ಮೆಟ್ಟಿಲು. ಮೊದಲು ಮನುಷ್ಯ ತನಗಾಗಿ ತನ್ನನ್ನೇ ಪ್ರೀತಿಸ್ತಾನೆ. ಆಮೇಲೆ ಕಷ್ಟ ಬರುತ್ತೆ, ದೇವರಿಂದ ಸಹಾಯ ಸಿಗುತ್ತೆ, ತನ್ನ ಲಾಭಕ್ಕಾಗಿ ದೇವರನ್ನು ಪ್ರೀತಿಸ್ತಾನೆ. ಹಾಗೇ ಬರ್ತಾ ಬರ್ತಾ, ಮಾತಾಡ್ತಾ ಮಾತಾಡ್ತಾ, ದೇವರು ಎಷ್ಟು ಒಳ್ಳೆಯವನು ಅಂತ ರುಚಿ ಹತ್ತುತ್ತೆ, ದೇವರಿಗಾಗಿಯೇ ದೇವರನ್ನು ಪ್ರೀತಿಸೋಕೆ ಶುರು ಮಾಡ್ತಾನೆ. ನಾಲ್ಕನೇದು, ತನ್ನನ್ನೂ ದೇವರಿಗಾಗಿ ಪ್ರೀತಿಸೋದು. ಅದು ಈ ಲೋಕದಲ್ಲಿ ಯಾರಿಗಾದ್ರೂ ಪೂರ್ತಿ ಸಿಗುತ್ತಾ ಅಂತ ಅವನಿಗೇ ಅನುಮಾನ ಇತ್ತು.

ನನಗೆ ಇಷ್ಟವಾದದ್ದು ಆ ಎರಡನೇ ಮೆಟ್ಟಿಲು. ಬರ್ನಾರ್ಡ್ ಅದನ್ನು ಪಾಪ ಅನ್ನಲಿಲ್ಲ, ಮೆಟ್ಟಿಲು ಅಂದ. ಕಷ್ಟಕ್ಕೆ ಓಡಿ ಬರೋನನ್ನು ದೇವರು ಬಾಗಿಲಿಂದ ವಾಪಸ್ ಕಳಿಸಲ್ಲ. ನನ್ನ ತಕರಾರು ಆ ಮೆಟ್ಟಿಲ ಮೇಲೇ ಹಾಸಿಗೆ ಹಾಸ್ಕೊಂಡು ಮಲಗಿರೋರ ಜೊತೆ, ಅಲ್ಲೇ ಮಲಗಿ ಅಂತ ಬೋಧನೆ ಮಾಡಿ ಬಾಡಿಗೆ ವಸೂಲಿ ಮಾಡೋರ ಜೊತೆ ಇನ್ನೂ ಜಾಸ್ತಿ.

(5/8)

ಈಗ ಇನ್ನೊಂದು ಗುಂಪಿಗೆ. ನೀವು ತಪ್ಪಿಸಿಕೊಂಡ್ರಿ ಅಂದ್ಕೋಬೇಡಿ.

'ಜೀಸಸ್ ಈಸ್ ಮೈ ಬ್ರೋ' ಟೀಶರ್ಟ್ ಗ್ಯಾಂಗು. ಇವರಿಗೆ ದೇವರು ಒಳ್ಳೇ ವೈಬು. ಆತನಿಗೆ ಯಾವತ್ತೂ ಬೇಜಾರಾಗಲ್ಲ, ಏನೂ ಕೇಳಲ್ಲ, ಏನೂ ಹೇಳಲ್ಲ. ಅಂಥ ಫ್ರೆಂಡ್ ನಿಜವಾಗಿ ಯಾರಿಗಾದ್ರೂ ಇದ್ದಾನಾ? ಯೋಹಾನ 15ರಲ್ಲಿ ಯೇಸು ಶಿಷ್ಯರಿಗೆ, ಇನ್ನು ನಿಮ್ಮನ್ನು ಆಳು ಅನ್ನಲ್ಲ, ಗೆಳೆಯರು ಅಂತೀನಿ ಅಂದದ್ದು ನಿಜ. ಅದಕ್ಕೆ ಅಂಟಿಕೊಂಡೇ ಇನ್ನೊಂದು ಮಾತಿದೆ, ನಾನು ಹೇಳಿದ್ದನ್ನು ಮಾಡಿದ್ರೆ ನೀವು ನನ್ನ ಗೆಳೆಯರು ಅಂತ. ಮತ್ತೆ ಆ ಮಾತು ಹೇಳಿದ್ದು ಸಾಯೋ ಹಿಂದಿನ ರಾತ್ರಿ. ಆ ಗೆಳೆತನಕ್ಕೆ ಆತ ತೆತ್ತ ಬೆಲೆ ಟೀಶರ್ಟ್ ಮೇಲೆ ಹಿಡಿಸಲ್ಲ.

ಸಲುಗೆ ಬೇಕು, ಆದ್ರೆ ಯಾವ ಥರದ್ದು? ನನಗೆ ಇದಕ್ಕೆ ಕನ್ನಡವೇ ಒಳ್ಳೇ ಉತ್ತರ ಕೊಡುತ್ತೆ ಅನಿಸುತ್ತೆ. ನಾವು ಪ್ರಿನ್ಸಿಪಾಲ್‌ಗೆ 'ನೀವು', ಪಾಸ್ಟರಿಗೆ 'ನೀವು', ಬಸ್ ಕಂಡಕ್ಟರಿಗೂ 'ನೀವು'. ಆದ್ರೆ ನಮ್ಮ ಮನೆಯ ಹಳೇ ಸತ್ಯವೇದದಲ್ಲಿ ಪ್ರಾರ್ಥನೆಗಳು ದೇವರನ್ನು 'ನೀನು' ಅನ್ನುತ್ತವೆ. ಲೋಕ ಉಂಟು ಮಾಡಿದವನಿಗೆ ನೀನು! ಶರಣರೂ ದಾಸರೂ ತಮ್ಮ ದೇವರನ್ನು ಕರೆದದ್ದು ಹಾಗೇ. ನಾವು ಇನ್ಯಾರಿಗೆ ನೀನು ಅಂತೀವಿ? ತೀರಾ ಹತ್ತಿರದವರಿಗೆ. ಅಮ್ಮನಿಗೆ. ಅದರಲ್ಲಿ ಅಗೌರವ ಇಲ್ಲ, ದೂರ ಇಲ್ಲ ಅಷ್ಟೇ. ಯೇಸು ಗೆತ್ಸೇಮನೆ ತೋಟದಲ್ಲಿ, ಬೆವರು ಸುರೀತಿರುವಾಗ, 'ಅಬ್ಬ' ಅಂತ ಕರೆದ. ಅರಮಾಯಿಕ್ ಭಾಷೆಯಲ್ಲಿ ಅಪ್ಪನನ್ನು ಕರೆಯೋ ಪದ. ಚಿಕ್ಕ ಮಕ್ಕಳ ತೊದಲು ಅಂತ ಕೆಲವರು ಹೇಳ್ತಾರೆ, ಹಾಗಲ್ಲ, ಬೆಳೆದವರೂ ಬಳಸ್ತಿದ್ದ ಪದವೇ. ಕನ್ನಡದ ಕಿವಿಗಂತೂ ಅದು ನೇರ 'ಅಪ್ಪ' ಅಂತಲೇ ಕೇಳಿಸುತ್ತೆ. ಆ ರಾತ್ರಿ ಆತ ಬೇಡಿದ್ದೇನು? ಈ ಪಾತ್ರೆ ನನ್ನಿಂದ ದೂರ ಆಗಲಿ ಅಂತ. ಆಗಲಿಲ್ಲ. ಆಮೇಲೂ ಅಪ್ಪ ಅನ್ನೋದು ಬಿಡಲಿಲ್ಲ.

ಸಲುಗೆ ಇದ್ದಲ್ಲಿ ಜಗಳವೂ ಇರುತ್ತೆ. ಕೀರ್ತನೆಗಳು 150. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲು, ದೂರು, ಕೂಗು. 13ನೇ ಕೀರ್ತನೆ ಶುರುವಾಗೋದೇ ಎಷ್ಟು ದಿನ ನನ್ನನ್ನು ಮರೆತಿರ್ತೀಯ ಅನ್ನೋ ಪ್ರಶ್ನೆಯಿಂದ. 88ನೇದು ಕೊನೇ ಪದದವರೆಗೂ ಕತ್ತಲೇ, ಸಮಾಧಾನದ ಒಂದು ಸಾಲೂ ಇಲ್ಲ. ಯಾರೋ ಅದನ್ನು ಪವಿತ್ರ ಪುಸ್ತಕದಿಂದ ಕಿತ್ತು ಹಾಕಲಿಲ್ಲ, ಅಲ್ವಾ? ದಾಸರ ಪದಗಳಲ್ಲಿ ನಿಂದಾಸ್ತುತಿ ಅಂತಲೇ ಒಂದು ಬಗೆ ಇದೆ, ದೇವರನ್ನೇ ಛೇಡಿಸಿ ಬೈದು ಹಾಡೋದು. ಇದು ಕನ್ನಡದವರಿಗೆ ಹೊಸದೇನಲ್ಲ. ಚರ್ಚ್ ಮೈಕ್ ಮುಂದೆ ಮಾತ್ರ ನಮ್ಮ ಪ್ರಾರ್ಥನೆ ರಜಾ ಅರ್ಜಿ ಥರ ಆಗಿಬಿಟ್ಟಿದೆ. 'ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಒಂದು ಸೇರಿಸಿದ್ರೆ ಮುಗೀತು.

ಅಪ್ಪನನ್ನು ಕಳ್ಕೊಂಡ ಹುಡುಗಿಗೆ 88 ಓದಿ ಅಂತ ಯಾರೂ ಹೇಳಲಿಲ್ಲ. ನಾನು ಕಳಿಸಿದೆ. 'ಇದು ಬೈಬಲ್‌ನಲ್ಲಿ ಇದೆಯಾ' ಅಂತ ವಾಪಸ್ ಮೆಸೇಜ್ ಬಂತು. ಅಷ್ಟೇ. ನಾನೂ ಮುಂದೆ ಏನೂ ಕೇಳಲಿಲ್ಲ.

(6/8)

ಇದು ಚಿಕ್ಕದು. 'ಪ್ರಾರ್ಥನೆ ಮಾಡುವಾಗ ನನಗೆ ಏನೂ ಫೀಲ್ ಆಗಲ್ಲ' ಅನ್ನೋರಿಗೆ.

ಆಗದೇ ಇರಬಹುದು. ವರ್ಶಿಪ್ ನೈಟ್‌ನಲ್ಲಿ ಲೈಟ್ ಆರಿಸಿ, ಕೀಬೋರ್ಡ್‌ನಲ್ಲಿ ಒಂದೇ ಸ್ವರ ಹಿಡಿದು, ಒಂದೇ ಸಾಲನ್ನು ಹನ್ನೆರಡು ಸಲ ಹಾಡಿಸಿದ್ರೆ ಯಾರಿಗಾದ್ರೂ ಫೀಲ್ ಆಗುತ್ತೆ. ಆರ್‌ಸಿಬಿ ಕಪ್ ಗೆದ್ದ ರಾತ್ರಿಯೂ ಆಗಿತ್ತು. ಅದು ಕೆಟ್ಟದ್ದು ಅಂತಿಲ್ಲ, ಅಳತೆಗೋಲು ಅದಲ್ಲ ಅಂತಿದ್ದೀನಿ.

ಆವಿಲಾದ ತೆರೇಸಾ, ಸ್ಪೇನಿನ ಸನ್ಯಾಸಿನಿ, 1515ರಿಂದ 1582. ಪ್ರಾರ್ಥನೆ ಅಂದ್ರೆ ನಮ್ಮನ್ನು ಪ್ರೀತಿಸುವವನ ಜೊತೆ ಒಬ್ಬರೇ ಕೂತು ಸ್ನೇಹದಿಂದ ಮಾತಾಡೋದು ಅನ್ನೋ ಅರ್ಥ ಕೊಟ್ಟವಳು ಅವಳೇ. ಅದೇ ತೆರೇಸಾ ತನ್ನ ಜೀವನದ ಬಗ್ಗೆ ಬರೀತಾ, ಎಷ್ಟೋ ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತೋ ಅಂತ ಕಾಯ್ತಿದ್ದೆ ಅಂತ ಒಪ್ಪಿಕೊಂಡಿದ್ದಾಳೆ. ಲಾಸ್ಟ್ ಪೀರಿಯಡ್‌ನಲ್ಲಿ ನಾವು ವಾಚ್ ನೋಡೋ ಹಾಗೆ! ಕಲ್ಕತ್ತಾದ ಮದರ್ ತೆರೇಸಾ ಅವರ ಕಾಗದಗಳು ಅವರು ತೀರಿಹೋದ ಹತ್ತು ವರ್ಷಕ್ಕೆ, 2007ರಲ್ಲಿ ಪುಸ್ತಕವಾಗಿ ಬಂದವು. ಹಲವು ದಶಕಗಳ ಕಾಲ ದೇವರು ಹತ್ತಿರ ಇದ್ದಾನೆ ಅನ್ನೋ ಭಾವನೆಯೇ ಅವರಿಗೆ ಇರಲಿಲ್ಲ ಅನ್ನೋದು ಜಗತ್ತಿಗೆ ಗೊತ್ತಾಯ್ತು. ಆದ್ರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರ್ತಿದ್ರು, ಆಮೇಲೆ ಸಾಯ್ತಿರೋರ ಹತ್ರ ಹೋಗ್ತಿದ್ರು. ನಮ್ಮ ಅಮ್ಮಂದಿರಿಗೆ ದಿನಾ ಬೆಳಿಗ್ಗೆ ಐದೂವರೆಗೆ ಡಬ್ಬಿ ಕಟ್ಟುವಾಗ ಮೈ ಜುಮ್ ಅನ್ನುತ್ತಾ?

(7/8)

'ಬೈದದ್ದು ಸಾಕು, ಏನು ಮಾಡಬೇಕು ಹೇಳು.' ಸರಿ.

ನಿಕೋಲಾ ಎರ್ಮಾ ಅಂತ ಒಬ್ಬ ಇದ್ದ. ಫ್ರಾನ್ಸಿನ ಪಕ್ಕದ ಲೊರೇನ್ ಸೀಮೆಯವನು, ಬಡವ. ಸೈನಿಕನಾಗಿ ಯುದ್ಧಕ್ಕೆ ಹೋಗಿ ಕಾಲಿಗೆ ಪೆಟ್ಟು ತಿಂದ. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲೈಟ್ ಮಠ ಸೇರಿದ, ಬ್ರದರ್ ಲಾರೆನ್ಸ್ ಅಂತ ಹೆಸರಾಯ್ತು. ಓದಿದವನಲ್ಲ, ಪಾದ್ರಿಯೂ ಅಲ್ಲ. ವರ್ಷಗಟ್ಟಲೆ ಅಡುಗೆಮನೆ ಕೆಲಸ, ಅದೂ ಅವನಿಗೆ ಸುತರಾಂ ಇಷ್ಟವಿಲ್ಲದ ಕೆಲಸ. ಕಾಲು ಕೈಕೊಟ್ಟ ಮೇಲೆ ಮಠದವರ ಚಪ್ಪಲಿ ಹೊಲಿಯೋ ಕೆಲಸ. 1691ರಲ್ಲಿ ಸತ್ತ. ಅವನು ಒಂದು ಪುಸ್ತಕವನ್ನೂ ಬರೆಯಲಿಲ್ಲ. ಅವನು ಆಡಿದ ಮಾತು, ಬರೆದ ಕಾಗದ ಒಟ್ಟು ಮಾಡಿ ಬೇರೆಯವರು ಪುಸ್ತಕ ಮಾಡಿದ್ರು. ಅದನ್ನು ಇವತ್ತಿಗೂ ಜನ ಓದ್ತಾರೆ.

ಅವನು ಮಾಡ್ತಿದ್ದದ್ದು ತೀರಾ ಸರಳ. ಕೆಲಸ ಮಾಡ್ತಾ ದೇವರು ಪಕ್ಕದಲ್ಲೇ ಇದ್ದಾನೆ ಅಂತ ನೆನಪು ಮಾಡ್ಕೊಳ್ಳೋದು, ಒಂದೆರಡು ಮಾತು ಆಡೋದು. ಮನಸ್ಸು ಎಲ್ಲೋ ಹೋದ್ರೆ, ಗೊತ್ತಾದ ಕೂಡಲೇ ಗೊಣಗದೆ ವಾಪಸ್ ಬರೋದು. ಪ್ರಾರ್ಥನೆಯ ಹೊತ್ತು, ಪಾತ್ರೆ ಸದ್ದಿನ ಹೊತ್ತು ಅಂತ ಅವನಿಗೆ ಎರಡು ಇರಲಿಲ್ಲ. ಈ ಅಭ್ಯಾಸ ಕೂಡೋಕೆ ಅವನಿಗೇ ಸುಮಾರು ಹತ್ತು ವರ್ಷ ಕಷ್ಟ ಆಯ್ತು ಅನ್ನೋದನ್ನೂ ಮರೀಬೇಡಿ. 21 ದಿನದ ಚಾಲೆಂಜ್ ಅಲ್ಲ ಇದು.

ನನಗೆ ಕೆಲಸ ಮಾಡಿದ್ದು ಹೇಳ್ತೀನಿ, ನಿಮಗೆ ಬೇರೆ ಆಗಬಹುದು. ಬೆಳಿಗ್ಗೆ ಫೋನ್ ಮುಟ್ಟೋಕೆ ಮೊದಲು ಹತ್ತು ನಿಮಿಷ. ಬೈಬಲ್ ಪೇಪರಿನದ್ದು, ಆ್ಯಪ್ ಬೇಡ, ಯಾಕಂದ್ರೆ ಆ್ಯಪ್ ತೆಗೆದ್ರೆ ಮೂರನೇ ನಿಮಿಷಕ್ಕೆ ನಾನು ರೀಲ್ಸ್‌ನಲ್ಲಿ ಇರ್ತೀನಿ. ಒಂದು ಕೀರ್ತನೆ, ಅಥವಾ ಸುವಾರ್ತೆಯ ಒಂದು ಪುಟ್ಟ ಭಾಗ. ಆಮೇಲೆ ಎರಡು ನಿಮಿಷ ಸುಮ್ಮನೆ. ಕಾಲೇಜಿಗೆ ನಡೆದು ಹೋಗುವಾಗ ನಡೆದದ್ದೆಲ್ಲ ಹೇಳೋದು: ಯಾರ ಮೇಲೆ ಹೊಟ್ಟೆಕಿಚ್ಚು, ಮನೆಯಲ್ಲಿ ದುಡ್ಡಿಲ್ಲ, ಆ ಹುಡುಗ ನೋಡೋಕೆ ಚೆನ್ನಾಗಿದ್ದಾನೆ, ಕಾಸ್ಟ್ ಅಕೌಂಟಿಂಗ್ ಅರ್ಥ ಆಗ್ತಿಲ್ಲ. ರಜಾ ಅರ್ಜಿ ಭಾಷೆ ಬೇಡ, ಮನೆ ಭಾಷೆ. ಹುಬ್ಬಳ್ಳಿಯವರು ಹುಬ್ಬಳ್ಳಿ ಕನ್ನಡದಲ್ಲಿ, ಮಂಗಳೂರಿನವರು ಕೊಂಕಣಿಯಲ್ಲೋ ತುಳುವಿನಲ್ಲೋ, ಆತನಿಗೆ ಬರುತ್ತೆ. ರಾತ್ರಿ ಮಲಗೋಕೆ ಮುಂಚೆ ಒಂದು ಥ್ಯಾಂಕ್ಸ್, ಒಂದು ಸಾರಿ.

ಮತ್ತೆ, ಇದನ್ನು ಸ್ಟೋರಿ ಹಾಕಬೇಡಿ. ಕಾಫಿ ಮಗ್ಗು, ತೆರೆದ ಬೈಬಲ್ಲು, ಹಳದಿ ಹೈಲೈಟರ್ರು, ಆ ಫೋಟೋ ಸಾಕಪ್ಪಾ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸಿ ಅಂತ ಮತ್ತಾಯ 6ರಲ್ಲಿ ಹೇಳಿದ್ದು ಯಾರು ಅಂತ ನಿಮಗೇ ಗೊತ್ತು.

(8/8)

ಒಬ್ಬರು ಅಣ್ಣ ಡಿಎಂ ಮಾಡಿ ಕೇಳಿದ್ದಾರೆ: ಇದೆಲ್ಲ ಒಳಗೊಳಗೇ ನಡೆಯೋ ವಿಷಯ ಆಯ್ತು, ಪಕ್ಕದ ಮನೆಯವನು ಹಸ್ಕೊಂಡಿದ್ರೆ ನಿನ್ನ ಹತ್ತು ನಿಮಿಷದಿಂದ ಅವನಿಗೇನು ಉಪಯೋಗ?

ಒಳ್ಳೇ ಪ್ರಶ್ನೆ ಅಣ್ಣಾ. ಯೋಹಾನನ ಮೊದಲನೇ ಪತ್ರಿಕೆ 4ನೇ ಅಧ್ಯಾಯ ನಿಮ್ಮ ಕಡೆಗೇ ಇದೆ. ಕಣ್ಣಿಗೆ ಕಾಣೋ ಸಹೋದರನನ್ನು ದ್ವೇಷಿಸಿ, ಕಾಣದ ದೇವರನ್ನು ಪ್ರೀತಿಸ್ತೀನಿ ಅನ್ನೋನು ಸುಳ್ಳುಗಾರ ಅಂತ ಅಲ್ಲಿ ನೇರವಾಗಿಯೇ ಇದೆ. ನಮ್ಮ ಸಭೆಗಳಲ್ಲಿ ಇವತ್ತಿಗೂ ಮದುವೆ ವಿಷಯಕ್ಕೆ ಜಾತಿ ಕೇಳ್ತಾರೆ, ಎಲ್ಲರಿಗೂ ಗೊತ್ತು. ಒಂದೇ ರೊಟ್ಟಿ ಮುರಿದು ತಿಂದು ಹೊರಗೆ ಬಂದು ಕೇಳ್ತಾರೆ. ಅವರ ಮುಂಜಾನೆ ಪ್ರಾರ್ಥನೆ ಎಷ್ಟು ಗಂಟೆಯದ್ದಾದ್ರೂ ನನಗೆ ಅದರ ಬಗ್ಗೆ ಗೌರವ ಬರಲ್ಲ.

ಆದ್ರೆ ಉಲ್ಟಾ ಕೂಡ ನೋಡಿ. ಯೋಹಾನ 21. ಪೇತ್ರ ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದವನು. ಯೇಸು ಎದ್ದು ಬಂದ ಮೇಲೆ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬನ್ನಿ ಊಟ ಮಾಡಿ ಅಂತ ಕರೀತಾನೆ. ಮೊದಲು ಊಟ. ಆಮೇಲೆ ಪ್ರಶ್ನೆ. ಯಾಕೆ ಹಾಗೆ ಮಾಡಿದೆ, ಇನ್ನೊಂದು ಸಲ ಮಾಡ್ತೀಯಾ, ಎಷ್ಟು ದಂಡ ಕಟ್ತೀಯಾ, ಯಾವುದೂ ಇಲ್ಲ. ಮೂರು ಸಲವೂ ಒಂದೇ ಪ್ರಶ್ನೆ, ನನ್ನನ್ನು ಪ್ರೀತಿಸ್ತೀಯಾ? ಪ್ರತಿ ಸಲ ಹೌದು ಅಂದಾಗಲೂ ಒಂದೇ ಕೆಲಸ, ನನ್ನ ಕುರಿಗಳನ್ನು ನೋಡ್ಕೋ. ಕುರಿ ಕಾಯೋ ಕೆಲಸ ಆ ಪ್ರೀತಿಯ ಬೆಲೆಯಾಗಿ ಬಂದದ್ದಲ್ಲ, ಅದರ ಹಿಂದೆ ಬಂತು. ಪ್ರೀತಿ ಇಲ್ಲದೆ ಬರೀ ಕುರಿ ಕಾದರೆ ಸ್ವಲ್ಪ ದಿನಕ್ಕೆ ನಾವೂ ಹಿರಿಯಣ್ಣನ ಥರ ಆಡಿನ ಮರಿ ಲೆಕ್ಕ ಕೇಳ್ತೀವಿ. ಸಮಾಜಸೇವೆ ಕ್ಯಾಂಪ್‌ಗೆ ಬಂದವರಲ್ಲಿ ಸರ್ಟಿಫಿಕೇಟ್ ಕೊಡ್ತೀರಾ ಅಂತ ಮೊದಲೇ ಕೇಳೋರನ್ನು ನೀವೂ ನೋಡಿದ್ದೀರಿ ಅಣ್ಣಾ.

ಇನ್ನೊಂದು ಮಾತು, ಯೂತ್ ಲೀಡರ್‌ಗಳಿಗೆ. ಈ ಸಲ ಡಿಸೆಂಬರ್ 31ಕ್ಕೆ ತಟ್ಟೆ ಜೋಡಿಸೋದು ನಮ್ಮ ಬ್ಯಾಚಿನವರೇ. ಕಾರ್ಡ್ ಬರೆಯೋ ಕೆಲಸ ನನಗೆ ಕೊಟ್ಟಿದ್ದಾರೆ. ಯೆರೆಮೀಯ 29:11 ಇರುತ್ತೆ, ಹೆದರಬೇಡಿ, ಆದ್ರೆ 10ನೇ ವಚನದ ಜೊತೆಗೇ ಇರುತ್ತೆ. 13ನೇ ಕೀರ್ತನೆಯ ಮೊದಲ ವಚನವೂ ಒಂದು ಕಾರ್ಡಿನಲ್ಲಿ ಇರುತ್ತೆ. ಅದು ಯಾರಿಗೆ ಬರುತ್ತೋ ಗೊತ್ತಿಲ್ಲ, ಬದಲಾಯಿಸಿಕೊಡೋ ವ್ಯವಸ್ಥೆ ಮಾತ್ರ ಇರಲ್ಲ.

ಉಳಿದ ಡಿಎಂಗಳಿಗೆ ಭಾನುವಾರ ಮಧ್ಯಾಹ್ನ ಉತ್ತರ ಕೊಡ್ತೀನಿ. ಗುರುವಾರ ಶುಕ್ರವಾರ ಇಂಟರ್ನಲ್ಸ್.

#ಲೆಡ್ಜರ್‌ಬೇಡ #ಕನ್ನಡಕ್ರೈಸ್ತಯುವಜನ #ಬಿಕಾಂಬದುಕು